ಹಳದಿ ಪಟ್ಟೆ ಬಳಿದ ದೇವಕಣಗಿಲೆ

ನನಗೆ ಗಿಡಮರಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳು ಎಂದ ಕೂಡಲೇ ಜನ ನನ್ನ ಮುಖ ನೋಡಿ ಮೆತ್ತಗಾಗುತ್ತಾರೆ, ನಾನೇನೋ ಗಿಡಗಳ ಜೊತೆ ಮಾತಾಡುತ್ತೇನೆ ಎನ್ನುವ ಹಾಗೆ. ಗಿಡ ಎಂದರೆ ನನಗೆ ಎಲೆ, ಎಲೆ ಎಂದರೆ ಕಸ. ಬೆಳಿಗ್ಗೆ ಗುಡಿಸಿದ ದಾರಿಯ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಉದುರಿಸಿ ಸುಮ್ಮನೆ ನಿಂತಿರುತ್ತವೆ. ಮನೆಯಲ್ಲಿ ಅಂಥ ಮಕ್ಕಳಿದ್ದರೆ ಎರಡು ಬಾರಿಸಬಹುದಿತ್ತು.

ಪಾರ್ಕು ಎಂದು ನಾವು ಕರೆಯುತ್ತೇವೆ, ಅದು ನಿಜವಾಗಿ ಕಾಡು. ಹೈದರಾಬಾದಿನ ನಡುವೆ ಗೋಡೆ ಕಟ್ಟಿ ಉಳಿಸಿಟ್ಟ ಕಾಡು. ಒಳಗೆ ಆನೆಯಂಥ ಬಂಡೆಗಳು, ಜಾಲಿ, ಸೀತಾಫಲ, ನವಿಲು, ಒಂದಿಷ್ಟು ಜಿಂಕೆ. ಕಾರಿನಲ್ಲಿ ಬಂದು, ಒಳಗೆ ನಡೆದು, ಮತ್ತೆ ಕಾರು ಹತ್ತಿ ಹೋಗುವ ಜನ ಬೆಳಿಗ್ಗೆ ಬರುತ್ತಾರೆ. ಒಂದು ಎಲೆಯನ್ನೂ ಕೀಳಬಾರದು ಎಂದು ಗೇಟಿನಲ್ಲಿ ಹಲಗೆ ಹಾಕಿದ್ದಾರೆ. ನಾನು ದಿನಾ ಬುಟ್ಟಿ ಬುಟ್ಟಿ ಹೊತ್ತು ಹಾಕುತ್ತಿದ್ದೆ, ಅದು ಬೇರೆ ಮಾತು.

ಒಂದು ಮಳೆಗಾಲದಲ್ಲಿ ಗಿಡ ಎಣಿಸುವವರು ಬಂದರು. ಈ ಕಾಡಿನಲ್ಲಿ ಯಾವ ಯಾವ ಗಿಡ ಇದೆ, ಎಲ್ಲಿ ಎಷ್ಟು ಇದೆ, ಯಾವುದು ಇಲ್ಲಿಯದು, ಯಾವುದು ಹೊರಗಿನಿಂದ ಬಂದು ಸೇರಿಕೊಂಡದ್ದು ಎಂದು ನೋಡಿ ಬರೆದುಕೊಳ್ಳುವ ಕೆಲಸವಂತೆ. ಅದರ ಮುಖ್ಯಸ್ಥೆ ಧಾರವಾಡದ ಕಡೆಯ ಹೆಣ್ಣುಮಗಳು, ಕಾಲೇಜಿನಲ್ಲಿ ಪಾಠ ಹೇಳಿದವರು. ಅವರಿಗೆ ನಾನು ಗೊತ್ತಾದದ್ದು ಬೈಗುಳದಿಂದ. ನಾನು ಗುಡಿಸಿ ರಾಶಿ ಮಾಡಿದ ಎಲೆಯನ್ನು ನವಿಲೊಂದು ಕೆದರಿ ಹಾಕಿತ್ತು.

"ನಿನ್ನ ಬಾಯಾಗ ಮಣ್ಣ ಹಾಕ, ನಿಮ್ಮಪ್ಪ ಗುಡಸ್ತಾನೇನ ಇದನ್ನ?" ಎಂದೆ.

ಹಿಂದಿನಿಂದ ಯಾರೋ ಗೊಳ್ಳೆಂದು ನಕ್ಕರು. ತಿರುಗಿ ನೋಡಿದರೆ ಟೋಪಿ ಹಾಕಿಕೊಂಡ ಹೆಣ್ಣುಮಗಳು.

"ಯವ್ವಾ, ಯಾವೂರಾಕಿ ನೀ?"

"ಇದ ಊರ್ರಿ. ಬೈಗಳ ಅಷ್ಟ ಬೀದರ ಕಡೇವು."

ಮರುದಿನದಿಂದ ಅವರು ಆಫೀಸಿನಲ್ಲಿ ಕೇಳಿ ನನ್ನನ್ನು ತಮ್ಮ ಕೆಲಸಕ್ಕೆ ತೆಗೆದುಕೊಂಡರು. ನಾನು ಅವರನ್ನು ಅಕ್ಕಾರು ಎಂದು ಕರೆದೆ, ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವ ಹಾಗೆ. ಅವರು ನನ್ನನ್ನು ಅವ್ವ ಎಂದರು.

ಕೆಲಸ ಹೀಗೆ. ನೆಲದ ಮೇಲೆ ನಾಲ್ಕು ಗೂಟ ಹೊಡೆದು ಹಗ್ಗ ಬಿಗಿದು ಒಂದು ಚೌಕ ಮಾಡುವುದು. ಆ ಚೌಕದ ಒಳಗೆ ಇರುವುದೆಲ್ಲ ಲೆಕ್ಕಕ್ಕೆ, ಹಗ್ಗದಾಚೆಗೆ ಬಂಗಾರದ ಗಿಡ ಇದ್ದರೂ ಆ ಹೊತ್ತಿಗೆ ಅದು ಇಲ್ಲ. ಅಕ್ಕಾರು ಮಂಡಿಯೂರಿ ಕೂತು ಹುಲ್ಲಿನ ಒಂದೊಂದು ಎಳೆಯನ್ನೂ ಭೂತಗನ್ನಡಿಯಲ್ಲಿ ನೋಡುವರು. ನಾನು ಹಗ್ಗ ಹಿಡಿದು ನಿಲ್ಲುವುದು. ಆಮೇಲೆ ಹೂವಿರುವ ರೆಂಬೆ ಮುರಿದು ಹಳೆಯ ಪೇಪರಿನ ನಡುವೆ ಇಟ್ಟು, ಎರಡು ಹಲಗೆಗಳ ಮಧ್ಯೆ ಬಿಗಿದು ಕಟ್ಟುವುದು. ಗಿಡದ ನೀರು ಪೇಪರಿಗೆ ಇಳಿಯುತ್ತದೆ. ದಿನಾ ಪೇಪರು ಬದಲಿಸದಿದ್ದರೆ ಬೂಸಲು ಹಿಡಿಯುತ್ತದೆ. ಒದ್ದೆ ಪೇಪರನ್ನು ಬಂಡೆಯ ಮೇಲೆ ಹರಡಿ, ಹಾರದ ಹಾಗೆ ಕಲ್ಲು ಇಟ್ಟು ಒಣಗಿಸುವುದು ನನ್ನ ಪಾಲು. ಹಪ್ಪಳ ಮಾಡಿದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗಿಡದ ಹೆಸರುಗಳನ್ನು ಅಕ್ಕಾರು ಹೇಳಿಕೊಡಲು ನೋಡಿದರು. ಒಂದೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ನಿಲ್ಲಲಿ ಎಂದು ನಾನೂ ಪ್ರಯತ್ನ ಪಡಲಿಲ್ಲ.

ಮರಗಳಿಗೆ ಮಾತ್ರ ಬಣ್ಣದ ಗುರುತು. ಇಲ್ಲಿಯವೇ ಆದ ಮರಕ್ಕೆ ಏನೂ ಇಲ್ಲ. ಹೊರಗಿನಿಂದ ಬಂದು ಹಬ್ಬಿ ಕೂತದ್ದಕ್ಕೆ ಕೆಂಪು ಪಟ್ಟೆ, ಅಂದರೆ ಮುಂದೆ ಕಿತ್ತು ಹಾಕುವುದು. ಹೊರಗಿನದೇ ಆದರೂ ತನ್ನ ಪಾಡಿಗೆ ತಾನು ಇರುವ ಹಳೆಯ ಮರಕ್ಕೆ ಹಳದಿ ಪಟ್ಟೆ, ಅಂದರೆ ಇರಲಿ ಬಿಡು ಎಂದು. ಬಳ್ಳಾರಿ ಜಾಲಿಗೆ ಕೆಂಪು. ಸುಬಾಬುಲ್ಲಿಗೆ ಕೆಂಪು. ಸೀತಾಫಲಕ್ಕೆ ಹಳದಿ ಬಿದ್ದಾಗ ನಾನು ಕೇಳಿದೆ.

"ಅಕ್ಕಾರ, ಇದು ಸೀತಮ್ಮನ ಹೆಸರಿಂದು. ಇದೂ ಹೊರಗಿಂದಾ?"

"ಹೌದವ್ವಾ, ಹಡಗದಾಗ ಬಂದದ್ದು."

"ಎಲ್ಲಾ ಕಡೆ ಹಬ್ಬೇತಲ್ರಿ ಮತ್ತ. ಕೆಂಪ ಯಾಕ ಹಚ್ಚಲಿಲ್ಲ?"

"ಹಣ್ಣು ಆಫೀಸಿಗೆ ಹೋಗ್ತಾವು" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಹಗ್ಗ ದಿನದಿನಕ್ಕೆ ಪಾರ್ಕಿನ ಹಿಂದಿನ ಬದಿಗೆ ಸರಿಯುತ್ತಿತ್ತು, ಅಲ್ಲಿ ಬಂಡೆಗಳ ಸಂದಿನಲ್ಲಿ ಒಂದು ದೇವಕಣಗಿಲೆ ಇತ್ತು. ಅದರ ಬುಡದಲ್ಲಿ ನನ್ನ ಗಂಡ ಇದ್ದಾನೆ.

ಅವನು ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸಿ, ಮತ್ತೆ ಮಡಚಿ ಇಡುವ ಕೆಲಸದಲ್ಲಿದ್ದ. ಬಂದ ಹೆಂಗಸರಿಗೆಲ್ಲ ಅಕ್ಕಾ, ಈ ಬಣ್ಣ ನಿಮಗಾಗೇ ಹುಟ್ಟಿದ್ದು ಎಂದು ಇಡೀ ದಿನ ಹೇಳಿ ಬಂದವನಿಗೆ ಮನೆಯಲ್ಲಿ ಆಡಲು ಮಾತು ಉಳಿದಿರುತ್ತಿರಲಿಲ್ಲ. ಬೈಯಲಿಕ್ಕೆ ಮಾತ್ರ ಸ್ವಲ್ಪ ಉಳಿಸಿಕೊಂಡು ಬರುತ್ತಿದ್ದ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಹೋಗುವನು. ನಾನೊಂದು ಮಾತು ಶುರು ಮಾಡಿದರೆ ಚಪ್ಪಲಿ ಮೆಟ್ಟಿಕೊಳ್ಳುವನು. ಒಂದು ದಿನ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಥಾನುಗಳ ಮೇಲೆ ಬಿದ್ದನಂತೆ, ಮನೆಗೆ ಹೆಣ ಬಂತು.

ನಮ್ಮಲ್ಲಿ ಸುಡುವುದಿಲ್ಲ. ಗುಂಡಿ ತೋಡಿ, ಕಾಲು ಮಡಚಿ ಕೂತ ಹಾಗೆ ಕೂಡಿಸಿ ಮಣ್ಣು ಕೊಡುತ್ತಾರೆ. ಆಗ ಆ ಜಾಗ ಊರ ಹೊರಗಿನ ಬಯಲು, ಗೋಡೆ ಇರಲಿಲ್ಲ, ಗೇಟು ಇರಲಿಲ್ಲ. ಬೀದರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ನಮ್ಮ ಜನ ಒಂದಷ್ಟು ಮಂದಿಯನ್ನು ಅಲ್ಲೇ ಮಣ್ಣು ಮಾಡಿದ್ದರು. ಗದ್ದಿಗೆಯ, ಅಂದರೆ ಹೂಳಿದ ದಿಬ್ಬದ ಮೇಲೆ ಬಿಲ್ವಪತ್ರಿ ಗಿಡ ನೆಡಬೇಕು, ಅವತ್ತು ಸಿಗಲಿಲ್ಲ. ಯಾರೋ ಗುಡಿಯ ಅಂಗಳದಿಂದ ದೇವಕಣಗಿಲೆಯ ಟೊಂಗೆ ಮುರಿದು ತಂದರು. "ಇದು ಕಲ್ಲಿನ ಮ್ಯಾಲೂ ಹತ್ತತದ, ನೀರು ಹಾಕೂದೂ ಬ್ಯಾಡ" ಎಂದರು. ಖರೆ, ಹತ್ತಿತು. ಕಲ್ಲು ನಿಲ್ಲಿಸೋಣ ಎಂದವರು ಊಟ ಮಾಡಿ ಹೋದ ಮೇಲೆ ತಿರುಗಿ ಬರಲಿಲ್ಲ.

ಆಮೇಲೆ ಸರ್ಕಾರದವರು ಸುತ್ತ ಗೋಡೆ ಕಟ್ಟಿದರು. ಉಳಿದ ಮನೆಯವರು ಒಬ್ಬರು ಉಪ್ಪಲ್ಲಿಗೆ, ಒಬ್ಬರು ಮಿಯಾಪುರಕ್ಕೆ ಹೋದರು, ತಮ್ಮ ತಮ್ಮ ಸತ್ತವರನ್ನು ಮರೆತರು. ದಿಬ್ಬಗಳು ಮಳೆಗೆ ಕರಗಿ ನೆಲದ ಸಮಕ್ಕೆ ಬಂದವು. ಮುಂದೆ ನಾನು ಅದೇ ಪಾರ್ಕಿನಲ್ಲಿ ಕಸಬರಿಗೆ ಹಿಡಿದೆ. ಗಂಡನ ಸಲುವಾಗಿ ಅಲ್ಲಿ ಸೇರಿದಳು ಎಂದು ನಮ್ಮವರು ಕಥೆ ಕಟ್ಟಿದ್ದಾರೆ. ಸುಳ್ಳು. ನನ್ನ ಕೋಣೆಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಅದೊಂದೇ ಕೆಲಸ.

ಆದರೆ ಅಮಾವಾಸ್ಯೆಗೆ ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಕಟ್ಟಿಕೊಂಡು ಆ ಮರದ ಹತ್ತಿರ ಹೋಗುತ್ತಿದ್ದೆ. ಕೈ ಮುಗಿಯಲಿಕ್ಕೆ ಅಲ್ಲ. ಬೈಯಲಿಕ್ಕೆ. ನೀನು ಬಿಟ್ಟು ಹೋದ ಮನೆ ಹೀಗಾಯಿತು, ನಿನ್ನ ತಂಗಿ ನನಗೆ ಹೀಗೆ ಅಂದಳು, ನಿನ್ನ ಮಗಳು ಥೇಟು ನಿನ್ನ ಹಾಗೆಯೇ ಮಾತಿನ ಮಧ್ಯೆ ಎದ್ದು ಹೋಗುತ್ತಾಳೆ, ಎಲ್ಲ ಹೇಳುವುದು. ಬದುಕಿದ್ದಾಗ ಒಂದು ಮಾತು ಪೂರ್ತಿ ಕೇಳದವನು. ಈಗ ಎದ್ದು ಹೋಗುವ ಹಾಗಿಲ್ಲ, ಕೂತೇ ಇದ್ದಾನೆ. ನನ್ನ ಮದುವೆಯಲ್ಲಿ ನನಗೆ ಸಿಕ್ಕ ಸುಖ ಎಂದರೆ ಅದೊಂದೇ. ಮರ ಹೋದರೆ ಅವನು ಎಲ್ಲಿದ್ದಾನೆ ಎಂದು ನನಗೇ ತಿಳಿಯುವುದಿಲ್ಲ, ಅಲ್ಲಿ ಎಲ್ಲ ಕಡೆ ಒಂದೇ ಥರದ ಬಂಡೆ, ಒಂದೇ ಥರದ ಹುಲ್ಲು. ಅದಕ್ಕೇ ಹಗ್ಗ ಅಲ್ಲಿಗೆ ಬಂದ ದಿನ ನನ್ನ ಕೈ ಸರಿಯಾಗಿ ಬಿಗಿಯಲಿಲ್ಲ.

ಅಕ್ಕಾರು ಮರದ ಸುತ್ತ ಒಂದು ಸುತ್ತು ಹಾಕಿದರು.

"ಯಾರೋ ನೆಟ್ಟಾರ ನೋಡು ಇದನ್ನ. ಕಾಡಿಂದಲ್ಲ ಇದು. ಸಮುದ್ರದ ಆಚೀಕಡಿಂದು."

"ದೇವರಿಗೆ ಏರಸ್ತೀವಲ್ರಿ?"

"ದೇವರು ಎಲ್ಲಿಂದು ಅಂತ ಕೇಳಂಗಿಲ್ಲವ್ವಾ. ನಾವು ಕೇಳಬೇಕಾಗೇತಿ." ಎನ್ನುತ್ತ ಬಣ್ಣದ ಡಬ್ಬಿಗೆ ಬಗ್ಗಿದರು. ಯಾವ ಡಬ್ಬಿ ಎಂದು ನಾನು ಕಾಯಲಿಲ್ಲ.

"ನಾವ ನೆಟ್ಟದ್ದು" ಎಂದೆ. "ಅಮಾಸಿಗೊಮ್ಮೆ ರೊಟ್ಟಿ ತರ್ತೀನಿ. ಇದರ ಬುಡಕ್ಕ ನಮ್ಮ ಮನೆಯವರು ಕುಂತಾರ್ರಿ."

ಕುಂತಾರ ಎಂದದ್ದೇ ಅವರಿಗೆ ತಿಳಿಯಿತು. ಅವರ ಮನೆತನದಲ್ಲೂ ಕೂಡಿಸಿಯೇ ಮಣ್ಣು ಕೊಡುವುದು. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನಿಂತರು. ಆಮೇಲೆ ಹಳದಿ ಡಬ್ಬಿ ತೆರೆದು ಕಾಂಡದ ಸುತ್ತ ಪಟ್ಟೆ ಬಳಿದರು. ನಾನು ಹೇಳಿದೆ, "ಇದನ್ನ ಯಾರ ಮುಂದನೂ ಆಡಬ್ಯಾಡ್ರಿ ಅಕ್ಕಾರ."

"ಆಡಿದ್ರ ತಪ್ಪೇನೈತವ್ವಾ? ನಮ್ಮ ಕಡೆ ಗದ್ದಿಗಿ ಅಂದ್ರ ಕಲೆಕ್ಟರೂ ಚಪ್ಪಲಿ ಬಿಡ್ತಾರ."

"ಇದು ನಿಮ್ಮ ಕಡೆ ಅಲ್ರಿ."

ಅವರು ತಲೆಯಾಡಿಸಿದರು. ತಿಳಿದು ಆಡಿಸಿದರೋ, ಮುದುಕಿ ಹೇಳುತ್ತಾಳೆ ಎಂದು ಆಡಿಸಿದರೋ. ಗೇಟಿನ ಚೌಕಿದಾರನಿಗೆ ನಾನು ಅಮಾವಾಸ್ಯೆಗೆ ಎಲ್ಲಿಗೆ ಹೋಗುತ್ತೇನೆ ಎಂದು ಮೊದಲಿನಿಂದಲೂ ಗೊತ್ತು. ವಯಸ್ಸಾದ ಮನುಷ್ಯ, ನನ್ನನ್ನು ಅಕ್ಕ ಎನ್ನುವ ಹಾಗೆ ಆಪಾ ಎಂದು ಕರೆಯುವವನು, ನಾನು ಆ ಕಡೆ ಹೋಗುವಾಗ ಬೇಕಂತಲೇ ಇನ್ನೊಂದು ಕಡೆ ನೋಡುವವನು. ಸಂಜೆ ಅವನಿಗೆ ನಡೆದದ್ದು ಹೇಳಿದೆ. ಅವನು ಹಣೆ ಚಚ್ಚಿಕೊಂಡ.

"ಕಬರ್ ಕಾ ನಾಮ್ ನಕ್ಕೋ ಲೇವ್ ಆಪಾ" ಎಂದ. ಗೋರಿಯ ಹೆಸರನ್ನೇ ಎತ್ತಬೇಡ ಎಂದು. "ಈ ಊರಲ್ಲಿ ಸರ್ಕಾರಿ ನೆಲದ ಮೇಲೆ ಗೋರಿ ಎಂದರೆ ಸತ್ತವನು ಒಬ್ಬ, ಬಡಿದಾಡುವವರು ನೂರು ಮಂದಿ. ಆಫೀಸರಿಗೆ ಹುಲಿ ಕಂಡರೂ ಅಷ್ಟು ಹೆದರಿಕೆ ಇಲ್ಲ."

ಬೇಸಿಗೆ ಬಂತು. ಎಲೆ ಎಲ್ಲ ಉದುರಿಸಿಕೊಂಡು ಬೋಳಾಗಿ ನಿಂತಿದ್ದ ಮರದಲ್ಲಿ ಹೂವು ತುಂಬಿತು. ಅಕ್ಕಾರ ಕೆಲಸ ಮುಗಿಯುತ್ತ ಬಂದಿತ್ತು. ಕೆಂಪು ಪಟ್ಟೆಯ ಮರಗಳನ್ನು ಕೀಳಲು ಜೆಸಿಬಿ ಬಂದು ಪಾರ್ಕಿನ ಒಳಗೇ ನಿಂತಿತ್ತು. ಏನೇನು ಹೋಗಬೇಕು, ಏನೇನು ಉಳಿಯಬೇಕು ಎಂದು ನೋಡಲು ದೊಡ್ಡ ಸಾಹೇಬ ಬಂದ. ಹಿಂದೆ ಆಫೀಸಿನ ಜನ, ಅವರ ಹಿಂದೆ ಚೌಕಿದಾರ, ಎಲ್ಲರ ಹಿಂದೆ ಕಸಬರಿಗೆ ಹಿಡಿದು ನಾನು.

ದೇವಕಣಗಿಲೆಯ ಹತ್ತಿರ ಸಾಹೇಬ ನಿಂತ. ಹಳದಿ ಯಾಕೆ ಎಂದು ಕೇಳಿದ. ಅವನ ಮಾತು ತೆಲುಗು. ನನಗೆ ಅದು ಮನೆಯ ಮಾತಿನಷ್ಟೇ ತಿಳಿಯುತ್ತದೆ. ಇದು ಹಬ್ಬುವ ಮರವಲ್ಲ, ಇದರಿಂದ ಏನೂ ತೊಂದರೆ ಇಲ್ಲ ಎಂದು ಅಕ್ಕಾರು ಇಂಗ್ಲಿಷ್ ಬೆರೆಸಿ ಹೇಳಿದರು.

"ಹೊರಗಿನದೆಲ್ಲ ತೆಗೆಯುತ್ತಿದ್ದೇವೆ, ಇದೊಂದು ಯಾಕೆ ಮಧ್ಯದಲ್ಲಿ? ಇದನ್ನೂ ತೆಗೆಸಿ" ಎಂದು ಅವನು ಹೆಜ್ಜೆ ಮುಂದಿಟ್ಟ.

ಅಷ್ಟಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ನಾಕು ದಿನ ಬಿಟ್ಟು ಗರಗಸ ತಂದು ಕೊಯ್ಯುತ್ತಿದ್ದರೋ, ಮರೆಯುತ್ತಿದ್ದರೋ. ಸರ್ಕಾರದಲ್ಲಿ ಮರೆಯುವುದೇ ಹೆಚ್ಚು. ಆದರೆ ಅಕ್ಕಾರ ಮುಖ ಕೆಂಪಾಗಿತ್ತು. ಅವರು ಸಾಹೇಬನ ಹಿಂದೆಯೇ ಹೋದರು. ಏನು ಹೇಳಿದರೋ ಪೂರ್ತಿ ಕೇಳಲಿಲ್ಲ, ಅವರ ಕೈ ನನ್ನ ಕಡೆ ತೋರಿಸಿದ್ದು ಕಂಡಿತು. ಚೌಕಿದಾರ "ಯಾ ಅಲ್ಲಾ" ಎಂದು ನೆಲ ನೋಡಿದ.

ಸಾಹೇಬ ತಿರುಗಿ ಬಂದ. ನಾನು ಅಂದುಕೊಂಡಿದ್ದೆ ಸಿಟ್ಟಾಗಿರುತ್ತಾನೆ ಎಂದು. ಸಿಟ್ಟಲ್ಲ, ಅವನು ಹೆದರಿದ್ದ.

"ಇವತ್ತು ಇವಳು ಒಂದು ರೊಟ್ಟಿ ಇಡುತ್ತಾಳೆ. ನಾಳೆ ಒಬ್ಬ ಬಂದು ಚಾದರ ಹೊದಿಸುತ್ತಾನೆ, ನಾಡಿದ್ದು ಇನ್ನೊಬ್ಬ ಬಂದು ತ್ರಿಶೂಲ ನೆಡುತ್ತಾನೆ. ಆಮೇಲೆ ನಾನು ಇಲ್ಲಿ ಪೊಲೀಸರನ್ನು ಕೂಡಿಸಿಕೊಂಡು ಗಿಡ ಕಾಯಬೇಕಾ?" ಎಂದ. ಮತ್ತೆ ತನ್ನ ಜನರಿಗೆ, "ಇದನ್ನು ಇವತ್ತೇ ತೆಗೆಯಿರಿ. ಜೆಸಿಬಿ ಹಚ್ಚಿ, ಬೇರು ಸಮೇತ. ನೆಲ ಸಪಾಟಾಗಬೇಕು."

ಕೂಡಿಸಿ ಮಣ್ಣು ಕೊಟ್ಟವರ ತಲೆ ಮೇಲಕ್ಕೇ ಇರುತ್ತದೆ. ಅಂಗಾತ ಮಲಗಿಸಿದವರ ಹಾಗೆ ಆಳದಲ್ಲಿ ಇರುವುದಿಲ್ಲ. ಅಷ್ಟು ವರ್ಷದ ಬೇರು ಎಲ್ಲಿ ಎಲ್ಲಿ ಸುತ್ತಿಕೊಂಡಿತ್ತೋ ಯಾರಿಗೆ ಗೊತ್ತು. ಜೆಸಿಬಿಯ ಹಲ್ಲು ಒಂದು ಸಲ ನೆಲಕ್ಕೆ ಇಳಿದು ಮೇಲೆ ಬಂದರೆ ಏನು ಬರುತ್ತದೆ ಎಂದು ನನ್ನ ಕಣ್ಣಿಗೆ ಕಂಡಿತು. ನಾನು ಕಸಬರಿಗೆ ಬಿಸಾಕಿ ಮರದ ಮುಂದೆ ಹೋಗಿ ನಿಂತೆ.

"ಸಾಬ್, ಮರ ಕೊಯ್ಯಿರಿ. ನನ್ನದೇನೂ ತಕರಾರು ಇಲ್ಲ. ನೆಲ ಅಗೆಯಬೇಡಿ" ಎಂದೆ, ತೆಲುಗಿನಲ್ಲೇ.

"ಯಾಕೆ ಅಗೆಯಬಾರದು? ಕೆಳಗೆ ಏನಿದೆ?"

ನಾನು ಮರಕ್ಕೆ ಬೆನ್ನು ಹಚ್ಚಿ ನಿಂತೆ.

ಸಾಹೇಬ ಬುದ್ಧಿವಂತ. ದನಿ ಇಳಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ. "ನೋಡಮ್ಮಾ, ಗೋರಿ ಇದ್ದರೆ ಇದೆ ಎನ್ನು. ಕಾಗದ ಮಾಡಿ, ಪೊಲೀಸರನ್ನು ಕರೆಸಿ, ಅಗೆದು ತೆಗೆಸಿ ಯಾವುದಾದರೂ ಸ್ಮಶಾನಕ್ಕೆ ಒಯ್ದು ಹಾಕಿಸುತ್ತೇನೆ. ಅದು ನನ್ನ ಕೆಲಸ. ಇಲ್ಲದಿದ್ದರೆ ಇಲ್ಲ ಎಂದು ಇಷ್ಟು ಜನರ ಮುಂದೆ ಹೇಳು. ಆಗ ಅಗೆಯುವ ಮಾತೇ ಇಲ್ಲ, ಗರಗಸ ಸಾಕು."

ಅಕ್ಕಾರು ನನ್ನ ಪಕ್ಕಕ್ಕೆ ಬಂದು ತೋಳು ಹಿಡಿದರು.

"ಹೇಳವ್ವಾ, ಖರೇ ಹೇಳು. ಅಂಜಬ್ಯಾಡ. ನಾ ಅದೀನಿ."

ಅವರ ಮುಖ ನೋಡಿದೆ. ಇನ್ನೂ ಅವರಿಗೆ ಖರೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದೇ ಇತ್ತು. ಅಷ್ಟು ಓದಿದ ಮೇಲೂ.

"ಇಲ್ಲ ಸಾಬ್" ಎಂದೆ. "ಇಲ್ಲಿ ಯಾರೂ ಇಲ್ಲ. ಹೂವಿನ ಆಸೆಗೆ ಇವರ ಮುಂದೆ ಸುಳ್ಳು ಹೇಳಿದ್ದೆ."

"ನಿನ್ನ ಗಂಡ?"

"ಅವನು ಎಲ್ಲಿ ಹೋದನೋ, ಯಾರಿಗೆ ಗೊತ್ತು."

ಆಫೀಸಿನ ಜನ ನಕ್ಕರು. ಒಬ್ಬ, "ಇಂಥವಳ ಜೊತೆ ಇದ್ದರೆ ಯಾರಾದರೂ ಓಡಿಹೋಗುತ್ತಾರೆ" ಎಂದ. ಸಾಹೇಬನೂ ನಕ್ಕ, ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಅಕ್ಕಾರ ಕೈ ನನ್ನ ತೋಳಿನಿಂದ ತಾನೇ ಜಾರಿತು. ಎಲ್ಲರ ಮುಂದೆ ಅವರೂ ಸುಳ್ಳು ಹೇಳಿದ ಹಾಗಾಯಿತು. ಆಗಲಿ ಎಂದುಕೊಂಡೆ. ನನಗೆ ಅವರ ಮಾನಕ್ಕಿಂತ ಮಣ್ಣಿನೊಳಗಿನ ಗಂಡನ ತಲೆ ದೊಡ್ಡದಾಗಿತ್ತು.

ಕೊಯ್ದರು. ಮೆತ್ತಗಿನ ಮರ, ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೊಯ್ದಲ್ಲೆಲ್ಲ ಬಿಳಿ ಹಾಲು ಸುರಿದು ಗರಗಸ ಅಂಟಿತು, ಕೊಯ್ಯುವವರು ಅಂಟು ಅಂಟು ಎಂದು ಕೈ ಒರೆಸಿಕೊಳ್ಳುತ್ತಿದ್ದರು. ಮತ್ತೆ ಚಿಗುರಬಾರದೆಂದು ಬುಡಕ್ಕೆ ಡೀಸೆಲ್ ಸುರಿದರು. ಹೂವು, ರೆಂಬೆ, ಪುಡಿ ಎಲ್ಲ ಬಿದ್ದಿತ್ತು. ಗುಡಿಸುವವಳು ನಾನೇ ತಾನೆ. ಗುಡಿಸಿದೆ.

ಅಕ್ಕಾರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬಂಡೆಯ ಮೇಲೆ ಪೇಪರು ಒಣಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು.

"ನನ್ನ ಮ್ಯಾಲ ಸಿಟ್ಟ ಐತೇನವ್ವಾ?"

"ಸಿಟ್ಟ ಏನ ಮಾಡೂದೈತ್ರಿ. ನೀವು ಭಾಳ ಒಳ್ಳೇವ್ರು. ಅದ ತ್ರಾಸು."

ಅವರು ಅತ್ತರು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ, ಒಣಗಿದ ಪೇಪರು ಮಡಚುತ್ತ ಕೂತೆ. ಕಣ್ಣು ಒರೆಸಿಕೊಂಡು ಅವರು, "ಅಲ್ಲಿ ಒಂದ ಪತ್ರಿ ಗಿಡ ಹಚ್ಚತೀನಿ. ಅದು ಈ ನೆಲದ್ದ ಗಿಡ. ಅದಕ್ಕ ಯಾರೂ ಬಣ್ಣ ಹಚ್ಚಂಗಿಲ್ಲ, ಯಾರೂ ಕೇಳಂಗಿಲ್ಲ" ಎಂದರು.

"ಹಚ್ಚಬ್ಯಾಡ್ರಿ" ಎಂದೆ. "ನಾ ಅದರ ಹತ್ರ ಹೋಗಿ ನಿಂದ್ರತೀನಿ. ನಿಂತಾಕಿನ್ನ ಯಾರರ ನೋಡ್ತಾರ. ಇಲ್ಲಿ ಏನೈತಿ ಅಂತ ಮತ್ತ ಕೇಳ್ತಾರ."

ಅವರಿಗೆ ಆಗ ತಿಳಿಯಿತು ಅಂತ ಕಾಣುತ್ತದೆ. ಮತ್ತೆ ಆ ಮಾತು ಎತ್ತಲಿಲ್ಲ. ತಮ್ಮ ಕೆಲಸ ಮುಗಿಸಿ, ಒಣಗಿದ ಗಿಡಗಳ ಕಟ್ಟುಗಳನ್ನು ಜೀಪಿನಲ್ಲಿ ಹೇರಿಕೊಂಡು ಹೋದರು. ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದರು, ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಮುಂದಿನ ಅಮಾವಾಸ್ಯೆಗೆ ಕೈ ತನ್ನಷ್ಟಕ್ಕೆ ರೊಟ್ಟಿ ಬಡಿದು ಬುತ್ತಿ ಕಟ್ಟಿತ್ತು. ಗೇಟು ದಾಟಿದ ಮೇಲೆ ನೆನಪಾಯಿತು. ಬುಡದ ಕೊರಡು ಇನ್ನೂ ಹುಲ್ಲಿನಲ್ಲಿ ಮುಚ್ಚಿಹೋಗಿರಲಿಲ್ಲ, ಹುಡುಕಿದ್ದರೆ ಸಿಗುತ್ತಿತ್ತು. ಆದರೆ ಆಫೀಸಿನವರ ಕಣ್ಣು ಆ ಕಡೆ ಇತ್ತು. ಅಲ್ಲಿ ಹೋಗಿ ಕೂತರೆ ನಾನು ಇಲ್ಲ ಎಂದದ್ದು ಇದೆ ಎಂದಾಗುತ್ತದೆ, ಜೆಸಿಬಿ ಬರುತ್ತದೆ. ಚೌಕಿದಾರ ರೂಢಿಯಂತೆ ಮುಖ ಇನ್ನೊಂದು ಕಡೆ ತಿರುಗಿಸಿಕೊಂಡು ನಿಂತ, ನಾನು ಹೋಗಲಿ ಎಂದು. ತುಂಬ ಹೊತ್ತು ಹಾಗೇ ನಿಂತಿದ್ದ.

"ಈ ಕಡೆ ನೋಡು ಭಾಯಿ, ಕತ್ತು ನೋಯುತ್ತದೆ" ಎಂದೆ.

ಅವನು ತಿರುಗಿದ. ಬುತ್ತಿ ಬಿಚ್ಚಿ ಅವನಿಗೆ ಅರ್ಧ ಕೊಟ್ಟು ಇನ್ನರ್ಧ ನಾನು ತಿಂದೆ. ಪಲ್ಯಕ್ಕೆ ಖಾರ ಜಾಸ್ತಿಯಾಗಿದೆ ಎಂದ. ನಾದಿನಿಯ ಮನೆಯ ಜಗಳ, ಮಗಳು ಫೋನಿನಲ್ಲಿ ಅಂದ ಮಾತು, ಆ ತಿಂಗಳಿನದೆಲ್ಲ ನನ್ನ ಬಾಯಲ್ಲೇ ಇತ್ತು. ಚೌಕಿದಾರನಿಗೆ ಅದನ್ನು ಹೇಳಿ ಏನು ಪ್ರಯೋಜನ. ಅವನು ಬೈಸಿಕೊಳ್ಳುವ ಮನುಷ್ಯನಲ್ಲ. ನೀರು ಕುಡಿದು ಕಸಬರಿಗೆ ತೆಗೆದುಕೊಂಡೆ.